ಕಾತ್ರಜದ ತರಗತಿಗೆ ಎಐ ಯಾವ ಬಾಗಿಲಿನಿಂದ ಬರಬೇಕು?

ಸಾತಾರದ ಕಡೆಯಿಂದ ಬರುವ ಹಳೆಯ ಹೆದ್ದಾರಿ ಕಾತ್ರಜ ಘಾಟಿ ಇಳಿಯುತ್ತಿದ್ದಂತೆ ಪುಣೆ ಶುರುವಾಗುತ್ತದೆ. ಬೆಳಗಾವಿ, ಕೊಲ್ಹಾಪುರ ದಾಟಿ ಬರುವವರಿಗೆ ಇದು ಊರಿನ ದಕ್ಷಿಣದ ಹೆಬ್ಬಾಗಿಲು. ಪಕ್ಕದ ಧನಕವಡಿಯಲ್ಲಿ ಭಾರತಿ ವಿದ್ಯಾಪೀಠದ ದೊಡ್ಡ ಆವರಣವಿದೆ. ಅದರ ಹತ್ತಿರದಲ್ಲೇ 1983ರಲ್ಲಿ ಆರಂಭವಾದ ಪುಣೆ ಇನ್‌ಸ್ಟಿಟ್ಯೂಟ್ ಆಫ್ ಕಂಪ್ಯೂಟರ್ ಟೆಕ್ನಾಲಜಿ. ಅದೇ ಸೀಮೆಯಲ್ಲಿ ಏಳುತ್ತಲೇ ಇರುವ ಅಪಾರ್ಟ್‌ಮೆಂಟುಗಳು, ಅವನ್ನು ಕಟ್ಟಲು ಬಂದವರ ತಗಡಿನ ಶೆಡ್ಡುಗಳು. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಪುಣೆಯ ಕಟ್ಟಡ ಕೆಲಸಕ್ಕೆ ಗುಳೆ ಬರುವುದು ನಿನ್ನೆ ಮೊನ್ನೆಯ ಮಾತಲ್ಲ. ಅವರ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಮರಾಠಿ ಇಲ್ಲವೇ ಇಂಗ್ಲಿಷ್ ಹೀಗೆ ದಿನಕ್ಕೆ ಮೂರು ಭಾಷೆ ದಾಟುತ್ತಾರೆ. ಇಂಥ ಮಕ್ಕಳಿಗಾಗಿ ಡೋರ್ ಸ್ಟೆಪ್ ಸ್ಕೂಲ್ ಸಂಸ್ಥೆ 1990ರ ದಶಕದಿಂದ ಪುಣೆಯ ಕಟ್ಟಡಗಳ ಕೆಲಸ ನಡೆಯುವ ಜಾಗದಲ್ಲೇ ತರಗತಿ ನಡೆಸುತ್ತ ಬಂದಿದೆ. ಶಿಕ್ಷಣದಲ್ಲಿ ಕೃತಕ ಬುದ್ಧಿಮತ್ತೆಯ ಚರ್ಚೆ ನಡೆದಾಗಲೆಲ್ಲ ನಮ್ಮ ಕಣ್ಣ ಮುಂದೆ ಬರುವುದು ಲ್ಯಾಪ್‌ಟಾಪ್ ಹಿಡಿದ ಇಂಗ್ಲಿಷ್ ಮಾಧ್ಯಮದ ಹುಡುಗ. ಆ ಚರ್ಚೆಯನ್ನು ಈ ಮೂರು ಭಾಷೆಯ ಮಗುವಿನ ಬೆಂಚಿನ ಬಳಿಗೆ ತಂದು ನೋಡಬೇಕು. ಯಂತ್ರದಿಂದ ಹೆಚ್ಚು ಲಾಭವಾಗಬಹುದಾದದ್ದೂ ಹೆಚ್ಚು ಹಾನಿಯಾಗಬಹುದಾದದ್ದೂ ಅಲ್ಲಿಯೇ.

ನನ್ನ ವಾದ ಇಷ್ಟು: ಎಐ ತರಗತಿಗೆ ಬರಲಿ, ಆದರೆ ಶಿಕ್ಷಕರ ಕೈಯಿಂದ ಬರಲಿ. ಪಾಠದ ಸಿದ್ಧತೆಯಲ್ಲಿ, ಒಂದೇ ಪಾಠವನ್ನು ಬೇರೆ ಬೇರೆ ಮಟ್ಟದ ಮಕ್ಕಳಿಗೆ ಹೊಂದಿಸುವಲ್ಲಿ, ಭಾಷೆಗಳ ನಡುವೆ ಸೇತುವೆ ಕಟ್ಟುವಲ್ಲಿ ಅದಕ್ಕೆ ನಿಜವಾದ ಕೆಲಸವಿದೆ. ಮಗು ತಾನೇ ತಿಣುಕಾಡಿ ಒಂದು ವಾಕ್ಯ ಬರೆಯುವ, ಒಂದು ಲೆಕ್ಕ ಬಿಡಿಸುವ ಹೊತ್ತಿನಲ್ಲಿ ಅದಕ್ಕೆ ಕೆಲಸವಿಲ್ಲ. ಈ ಗೆರೆಯನ್ನು ಹಳೆಯ ಕಾಲದ ಮೇಲಿನ ಮೋಹದಿಂದ ಎಳೆಯುತ್ತಿಲ್ಲ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದ ಮೇಲೆ ನಡೆದಿರುವ ಒಳ್ಳೆಯ ಪ್ರಯೋಗಗಳು ಹೆಚ್ಚುಕಡಿಮೆ ಇದೇ ಜಾಗದಲ್ಲಿ ಗೆರೆ ಎಳೆಯುತ್ತಿವೆ.

ಮೊದಲು ಟರ್ಕಿಯ ಒಂದು ಪ್ರಯೋಗ. ಅಲ್ಲಿನ ಪ್ರೌಢಶಾಲೆಯೊಂದರ ಸುಮಾರು ಸಾವಿರ ವಿದ್ಯಾರ್ಥಿಗಳ ಗಣಿತ ತರಗತಿಗಳಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ನಡೆಸಿದರು. ಒಂದು ಗುಂಪಿಗೆ ಅಭ್ಯಾಸದ ಹೊತ್ತಿನಲ್ಲಿ ಸಾಮಾನ್ಯ ಚಾಟ್‌ಬಾಟ್ ಕೊಟ್ಟರು. ಇನ್ನೊಂದಕ್ಕೆ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ಶಿಕ್ಷಕರ ನೆರವಿನಿಂದ ಕಟ್ಟಿದ ಚಾಟ್‌ಬಾಟ್. ಮೂರನೆಯ ಗುಂಪಿಗೆ ಪುಸ್ತಕ ಮತ್ತು ನೋಟ್ಸ್ ಅಷ್ಟೇ. ಅಭ್ಯಾಸದಲ್ಲಿ ಮೊದಲ ಗುಂಪು ಪುಸ್ತಕದ ಗುಂಪಿಗಿಂತ ಶೇ 48ರಷ್ಟು, ಎರಡನೆಯದು ಶೇ 127ರಷ್ಟು ಮುಂದಿತ್ತು. ಆಮೇಲೆ ಯಂತ್ರವನ್ನು ತೆಗೆದಿಟ್ಟು ಪರೀಕ್ಷೆ ಮಾಡಿದಾಗ ಸಾಮಾನ್ಯ ಚಾಟ್‌ಬಾಟ್ ಬಳಸಿದ್ದ ಮಕ್ಕಳು, ಅದನ್ನು ಕಂಡೇ ಇರದ ಮಕ್ಕಳಿಗಿಂತ ಶೇ 17ರಷ್ಟು ಹಿಂದೆ ಬಿದ್ದರು. ಸುಳಿವಿನ ಚಾಟ್‌ಬಾಟ್ ಆ ಹಾನಿಯನ್ನು ಬಹುಮಟ್ಟಿಗೆ ತಪ್ಪಿಸಿತು, ಆದರೆ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ಲಾಭವನ್ನೂ ತರಲಿಲ್ಲ. 2025ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾದ ಈ ಫಲಿತಾಂಶದಲ್ಲಿ ಶಿಕ್ಷಕರು ಗಮನಿಸಬೇಕಾದ ಸೂಕ್ಷ್ಮ ಇನ್ನೊಂದಿದೆ: ಹಿಂದೆ ಬಿದ್ದ ಮಕ್ಕಳಿಗೆ ತಾವು ಹಿಂದೆ ಬಿದ್ದಿದ್ದೇವೆ ಅನ್ನುವುದೇ ತಿಳಿದಿರಲಿಲ್ಲ. ಉತ್ತರ ಕಣ್ಣೆದುರು ಬಂದಾಗ ತನಗೆ ಅರ್ಥವಾಯಿತು ಎಂದು ಮನಸ್ಸು ನಂಬಿಬಿಡುತ್ತದೆ. ಕಲಿಕೆ ನಡೆಯುವುದು ಉತ್ತರ ಸಿಗುವ ಮೊದಲಿನ ತಡಕಾಟದಲ್ಲಿ. ಆ ತಡಕಾಟವನ್ನೇ ಯಂತ್ರಕ್ಕೆ ಒಪ್ಪಿಸಿದರೆ ಮಗುವಿಗೆ ಉಳಿಯುವುದು ನಕಲು ಮಾಡಿದ ಹಾಳೆ.

ಅದೇ ತಂತ್ರಜ್ಞಾನ ಕಲಿಸುವವರ ಪಕ್ಕ ಕೂತಾಗ ಚಿತ್ರ ಬದಲಾಗುತ್ತದೆ. 2024ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಅಮೆರಿಕದಲ್ಲಿ ಆನ್‌ಲೈನ್ ಮನೆಪಾಠ ಹೇಳುವ 900 ಮಂದಿಯಲ್ಲಿ ಕೆಲವರಿಗೆ ಒಂದು ಎಐ ಸಹಾಯಕ ಕೊಟ್ಟು ನೋಡಿದರು. ಅದು ಮಕ್ಕಳ ಜೊತೆ ಮಾತಾಡುವುದಿಲ್ಲ. ಮಗು ತಪ್ಪಿದಾಗ ಮುಂದಿನ ಪ್ರಶ್ನೆ ಹೇಗಿರಬಹುದು ಎಂದು ಕಲಿಸುವವರಿಗೆ ಸೂಚಿಸುತ್ತದೆ, ಅಷ್ಟೇ. ಪಾಠ ಕರಗತ ಮಾಡಿಕೊಂಡ ಮಕ್ಕಳ ಪ್ರಮಾಣ ಸರಾಸರಿ 4 ಶೇಕಡಾಂಶ ಏರಿತು. ಅಷ್ಟೇನೂ ಚೆನ್ನಾಗಿ ಕಲಿಸದವರ ಬಳಿ ಕಲಿತ ಮಕ್ಕಳಲ್ಲಿ ಏರಿಕೆ 9 ಶೇಕಡಾಂಶ. ನಮ್ಮಲ್ಲೇ ಇನ್ನೂ ಹತ್ತಿರದ ಉದಾಹರಣೆ ಇದೆ. ಬೆಂಗಳೂರಿನ ಶಿಕ್ಷಣ ಫೌಂಡೇಶನ್ ಮತ್ತು ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಸೇರಿ ಕರ್ನಾಟಕದ ಸರ್ಕಾರಿ ಶಾಲೆಗಳಿಗಾಗಿ ರೂಪಿಸಿದ ‘ಶಿಕ್ಷಾ ಕೋಪೈಲಟ್’ನಲ್ಲಿ ಅನುಭವಿಗಳ ತಂಡವೊಂದು ಎಐ ಜೊತೆ ಸೇರಿ ಕನ್ನಡ ಮತ್ತು ಇಂಗ್ಲಿಷ್‌ನಲ್ಲಿ ಪಾಠಯೋಜನೆ ತಯಾರಿಸುತ್ತದೆ. ಶಿಕ್ಷಕರು ಅದನ್ನು ತಮ್ಮ ತರಗತಿಗೆ ತಕ್ಕಂತೆ ತಿದ್ದಿಕೊಳ್ಳುತ್ತಾರೆ. 1,043 ಶಿಕ್ಷಕರನ್ನು ಒಳಗೊಂಡ ಅಧ್ಯಯನದ ಪ್ರಕಾರ ಪಾಠಯೋಜನೆ ಬರೆಯುವ ಸಮಯ ತಗ್ಗಿತು, ಒತ್ತಡ ಇಳಿಯಿತು, ಚಟುವಟಿಕೆಯ ಮೂಲಕ ಕಲಿಸುವತ್ತ ಒಲವು ಕಂಡಿತು. ಅದೇ ಅಧ್ಯಯನ ಮರೆಮಾಚದೆ ಹೇಳಿದ ಮಾತೊಂದಿದೆ: ಶಿಕ್ಷಕರ ಕೊರತೆ ಮತ್ತು ಕಚೇರಿಯ ಕೆಲಸದ ಹೊರೆ ಹಾಗೇ ಇದ್ದುದರಿಂದ ಬೋಧನೆಯ ದೊಡ್ಡ ಬದಲಾವಣೆಗೆ ತಡೆಯಾಯಿತು. ಒಂದೇ ಕೋಣೆಯಲ್ಲಿ ನಾಲ್ಕು ತರಗತಿ ನಡೆಸುವ ಶಿಕ್ಷಕಿಗೆ ಎಐ ಕೊಟ್ಟು, ಇನ್ನೊಬ್ಬ ಶಿಕ್ಷಕಿಯನ್ನು ಕೊಡಲಿಲ್ಲವೆಂದರೆ ಕೊಟ್ಟದ್ದು ಏನನ್ನು ಎಂದು ಸರ್ಕಾರಗಳು ಯೋಚಿಸಬೇಕು.

ಈ ವಾದಕ್ಕೆ ಬೇಕಾದ ಬಹುದೊಡ್ಡ ಸಾಕ್ಷ್ಯ ಮಾತ್ರ ಚಾಟ್‌ಜಿಪಿಟಿಗಿಂತ ಹಿಂದಿನದು, ಮತ್ತು ಅದು ಮಹಾರಾಷ್ಟ್ರದ ಕನ್ನಡದ ಮಕ್ಕಳದು. ಸೋಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಗೆ ರಣಜಿತ್‌ಸಿಂಹ ಡಿಸಲೆ ಎಂಬ ಯುವ ಶಿಕ್ಷಕರು 2009ರಲ್ಲಿ ಬಂದರು. 2020ರ ಡಿಸೆಂಬರ್‌ನಲ್ಲಿ ಅವರಿಗೆ 10 ಲಕ್ಷ ಡಾಲರ್ ಮೊತ್ತದ ಜಾಗತಿಕ ಶಿಕ್ಷಕ ಪ್ರಶಸ್ತಿ ಕೊಟ್ಟ ವಾರ್ಕಿ ಪ್ರತಿಷ್ಠಾನವೇ ವಿವರಿಸಿದಂತೆ, ದನದ ಕೊಟ್ಟಿಗೆಗೂ ಉಗ್ರಾಣಕ್ಕೂ ನಡುವೆ ಇದ್ದ ಶಿಥಿಲ ಕಟ್ಟಡ ಅದು. ಶಾಲೆಗೆ ಬರುವ ಹೆಣ್ಣುಮಕ್ಕಳ ಮನೆಮಾತು ಕನ್ನಡ, ಪಠ್ಯಪುಸ್ತಕದ ಭಾಷೆ ಬೇರೆ. ಡಿಸಲೆ ಆ ಹಳ್ಳಿಗೇ ಹೋಗಿ ನೆಲೆಸಿ, ಶ್ರಮಪಟ್ಟು ಮಕ್ಕಳ ಭಾಷೆ ಕಲಿತರು. ಪಠ್ಯಪುಸ್ತಕಗಳನ್ನು ಆ ಭಾಷೆಗೆ ತಂದರು. ಆಮೇಲೆ ಪುಟಗಳಲ್ಲಿ ಕ್ಯೂಆರ್ ಕೋಡ್ ಸೇರಿಸಿ, ಅದರ ಮೂಲಕ ಕವಿತೆಯ ಧ್ವನಿ, ಪಾಠದ ವಿಡಿಯೊ, ಕಥೆಗಳನ್ನು ಮಕ್ಕಳಿಗೆ ಮುಟ್ಟಿಸಿದರು. 2017ರಲ್ಲಿ ಮಹಾರಾಷ್ಟ್ರ ಸರ್ಕಾರ ರಾಜ್ಯದ ಎಲ್ಲ ಪಠ್ಯಪುಸ್ತಕಗಳಿಗೂ ಕ್ಯೂಆರ್ ಕೋಡ್ ತರುವುದಾಗಿ ಘೋಷಿಸಿತು. ಮರುವರ್ಷ ಎನ್‌ಸಿಇಆರ್‌ಟಿ ಪುಸ್ತಕಗಳಿಗೂ ಅದು ಬರುತ್ತದೆಂಬ ಘೋಷಣೆಯಾಯಿತು. ಪ್ರಶಸ್ತಿಯ ಅರ್ಧ ಹಣವನ್ನು ಉಳಿದ ಒಂಬತ್ತು ಮಂದಿ ಅಂತಿಮ ಸ್ಪರ್ಧಿಗಳಿಗೆ ಹಂಚಿದ್ದರಿಂದ ಡಿಸಲೆ ಹೆಸರು ಮನೆಮಾತಾಯಿತು. ಆದರೆ ಈ ಕಥೆಯಲ್ಲಿ ರಾಜ್ಯಕ್ಕೆ, ದೇಶಕ್ಕೆ ಹಬ್ಬಿದ್ದು ಯಾವುದು, ಆ ಹಳ್ಳಿಯಲ್ಲೇ ಉಳಿದದ್ದು ಯಾವುದು ಎಂದು ಕೇಳಿಕೊಳ್ಳಬೇಕು. ಹಬ್ಬಿದ್ದು ಕಪ್ಪು ಬಿಳುಪಿನ ಚೌಕ. ಕೆಲಸ ಮಾಡಿದ್ದು ಮಾತ್ರ ಆ ಚೌಕಕ್ಕೆ ಮೊದಲು ನಡೆದ ಸಂಗತಿ: ಶಿಕ್ಷಕರೊಬ್ಬರು ಮಕ್ಕಳ ಭಾಷೆ ಕಲಿತದ್ದು. ಅದನ್ನು ಮುದ್ರಿಸಿ ಹಂಚಲು ಬರುವುದಿಲ್ಲ. ಎಐ ವಿಷಯದಲ್ಲೂ ಇದೇ ಆಗುವ ಅಪಾಯ ಕಾಣುತ್ತಿದೆ. ಕೇಂದ್ರ ಶಿಕ್ಷಣ ಸಚಿವಾಲಯ 2026–27ರಿಂದ ಮೂರನೇ ತರಗತಿಯಿಂದಲೇ ಎಐ ಮತ್ತು ಗಣಕ ಚಿಂತನೆಯನ್ನು ಪಠ್ಯಕ್ರಮಕ್ಕೆ ತರುವುದಾಗಿ ಹೇಳಿದೆ. ಉಪಕರಣ ಬೇಗ ತಲುಪುತ್ತದೆ, ಅದರ ಹಿಂದೆ ಇರಬೇಕಾದ ಮನುಷ್ಯರ ಸಿದ್ಧತೆ ಅಷ್ಟು ಬೇಗ ತಲುಪುವುದಿಲ್ಲ.

ಮಕ್ಕಳ ಭಾಷೆ ಗೊತ್ತಿರುವುದು ಯಾಕೆ ಇಷ್ಟು ಮುಖ್ಯ ಎನ್ನುವುದಕ್ಕೆ ಗಣಿತದ ತರಗತಿಯನ್ನೇ ನೋಡಬಹುದು. ಮರಾಠಿಯಲ್ಲಿ 25ನ್ನು ಓದುವಾಗ ಐದು ಮೊದಲು, ಇಪ್ಪತ್ತು ಆಮೇಲೆ: ಪಂಚವೀಸ್. ಕನ್ನಡದಲ್ಲಿ ಹತ್ತರ ಸ್ಥಾನ ಮೊದಲು ಬರುತ್ತದೆ. 2019ರಲ್ಲಿ ರಾಜ್ಯದ ಪಠ್ಯಪುಸ್ತಕಗಳನ್ನು ತರುವ ಪುಣೆಯ ಬಾಲಭಾರತಿ ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ ‘ವೀಸ್ ಪಾಚ್’ ಎಂದು ಬಿಡಿಸಿ ಓದುವ ಕ್ರಮವನ್ನೂ ಪರಿಚಯಿಸಿದಾಗ ದೊಡ್ಡ ಗದ್ದಲವೇ ಎದ್ದಿತು. ಗಣಿತ ಸಮಿತಿಯ ನೇತೃತ್ವ ವಹಿಸಿದ್ದ ಮಂಗಲಾ ನಾರಳೀಕರ್, ಕನ್ನಡ ತೆಲುಗಿನಂಥ ಭಾಷೆಗಳಲ್ಲಿ ಸಂಖ್ಯೆ ಓದುವುದು ಹೀಗೆಯೇ, ಮಕ್ಕಳಿಗೆ ಇದು ಸುಲಭ ಎಂದು ಸಮರ್ಥಿಸಿಕೊಂಡರು. ಆ ವಿವಾದದ ಸರಿ ತಪ್ಪು ಏನೇ ಇರಲಿ, ಕಾತ್ರಜದ ಮರಾಠಿ ಶಾಲೆಯಲ್ಲಿ ಕೂತ ಯಾದಗಿರಿಯ ಹುಡುಗಿಗೆ ಪ್ರಶ್ನೆ ಪ್ರತಿದಿನದ್ದು. ಟೀಚರ್ ಪಂಚವೀಸ್ ಎಂದಾಗ ಅವಳು 52 ಬರೆದರೆ ಅದು ದಡ್ಡತನವಲ್ಲ. ಕೇಳಿದ ಕ್ರಮದಲ್ಲೇ ಬರೆದಿದ್ದಾಳೆ, ಅವಳ ಮನೆಯ ಲೆಕ್ಕ ನಡೆಯುವುದೇ ಹಾಗೆ. ಹಾಳೆ ತಿದ್ದುವ ಯಂತ್ರಕ್ಕೆ ಅಲ್ಲಿ ಕಾಣುವುದು ಒಂದು ತಪ್ಪು ಉತ್ತರ. ಕಾರಣ ಗೊತ್ತಿರುವ ಶಿಕ್ಷಕಿಗೆ ಕಾಣುವುದು ಎರಡು ಭಾಷೆಗಳ ನಡುವೆ ಸಿಕ್ಕಿಕೊಂಡ ಮಗು. ಹಾಗೆ ಕಂಡ ಮೇಲೆ ಅದೇ ಯಂತ್ರ ಅವರಿಗೆ ಉಪಯೋಗಕ್ಕೆ ಬರುತ್ತದೆ: ಹೇಳುವ ಕ್ರಮವೂ ಬರೆಯುವ ಕ್ರಮವೂ ಬೇರೆಯಾಗುವ ಸಂಖ್ಯೆಗಳದ್ದೇ ಇಪ್ಪತ್ತು ಅಭ್ಯಾಸ ಪ್ರಶ್ನೆ, ಕನ್ನಡ ಮರಾಠಿ ಎರಡರಲ್ಲೂ, ಸಂತೆ ಮತ್ತು ಬಸ್ ಟಿಕೆಟ್ಟಿನ ಲೆಕ್ಕವಾಗಿ ಕೊಡು ಎಂದರೆ ನಿಮಿಷದಲ್ಲಿ ಕೊಡುತ್ತದೆ. ಯಂತ್ರಕ್ಕೆ ಏನು ಕೇಳಬೇಕೆಂಬ ತಿಳಿವಳಿಕೆ ಮಗುವನ್ನು ಬಲ್ಲವರಿಂದಲೇ ಬರಬೇಕು.

ವಿಜ್ಞಾನ, ಇತಿಹಾಸದ ಪಾಠಕ್ಕೆ ಕಾತ್ರಜ ತಾನೇ ಒಂದು ಪ್ರಯೋಗಶಾಲೆ. 18ನೇ ಶತಮಾನದ ಮಧ್ಯದಲ್ಲಿ ನಾನಾಸಾಹೇಬ ಪೇಶ್ವೆ ಇಲ್ಲಿನ ಕೆರೆಯ ನೀರನ್ನು ನೆಲದಡಿಯ ಕಟ್ಟುಕಾಲುವೆಯಲ್ಲಿ ಶನಿವಾರವಾಡೆಯವರೆಗೆ ಒಯ್ಯಿಸಿದರು. ಪಂಪಿಲ್ಲ, ವಿದ್ಯುತ್ತಿಲ್ಲ; ಎತ್ತರದ ಕಾತ್ರಜದಿಂದ ತಗ್ಗಿನ ಪೇಟೆಗೆ ಇಳಿಜಾರಿನಲ್ಲೇ ಹರಿದ ನೀರು, ನಡುನಡುವೆ ಗಾಳಿ ಆಡಲು, ಒಳಗಿಳಿದು ಹೂಳೆತ್ತಲು ಬಿಟ್ಟ ಬಾವಿಯಂಥ ಬಾಯಿಗಳು, ಪೇಟೆಗಳಲ್ಲಿ ಜನ ನೀರು ತುಂಬಿಕೊಳ್ಳುವ ತೊಟ್ಟಿಗಳು. ಏಳನೇ ತರಗತಿಯ ಶಿಕ್ಷಕರೊಬ್ಬರು ಇದನ್ನು ಪಾಠ ಮಾಡಬೇಕೆಂದುಕೊಂಡರೆ, ವಿವೇಕದ ಬಳಕೆ ಹೀಗಿದ್ದೀತು: ನಂಬಿಕೆಗೆ ಅರ್ಹವಾದ ಇತಿಹಾಸದ ಪುಸ್ತಕದಿಂದ ಒಂದು ಪುಟದ ವಿವರವನ್ನು ತಾವೇ ಬರೆದು ಯಂತ್ರಕ್ಕೆ ಕೊಡುವುದು, ಇದನ್ನೇ ಮೂರು ಮಟ್ಟದ ಓದಿಗೆ ಸರಳ ಮಾಡು, ಇದರಲ್ಲಿಲ್ಲದ ಒಂದು ಸಂಗತಿಯನ್ನೂ ಸೇರಿಸಬೇಡ ಎಂದು ಹೇಳುವುದು, ಬಂದದ್ದನ್ನು ಸಾಲು ಸಾಲಾಗಿ ಓದಿ ತಿದ್ದುವುದು. ನೀರು ಯಾಕೆ ಹರಿಯಿತು, ಗಾಳಿಯ ಬಾಯಿ ಯಾಕೆ ಬೇಕಿತ್ತು ಎಂಬ ಪ್ರಶ್ನೆಗೆ ಮಕ್ಕಳು ಪೈಪು, ಬಾಟಲಿ ಹಿಡಿದು ತಾವೇ ಉತ್ತರ ಹುಡುಕಲಿ. ಇದಕ್ಕೆ ಬದಲಾಗಿ ‘ಕಾತ್ರಜದ ನೀರಿನ ವ್ಯವಸ್ಥೆ ಬಗ್ಗೆ ಹೇಳು’ ಎಂದು ಬರಿದೇ ಕೇಳಿದರೆ ಆಗುವುದೇ ಬೇರೆ. ಈ ಯಂತ್ರಗಳು ಅಪಾರ ಪಠ್ಯದಿಂದ ಕಲಿತ ರೂಢಿಯಂತೆ ಮುಂದಿನ ಪದ ಯಾವುದಿರಬಹುದೆಂದು ಲೆಕ್ಕ ಹಾಕಿ ಬರೆಯುತ್ತವೆ. ಜಗತ್ತು ಹೆಚ್ಚು ಬರೆದಿರುವ ವಿಷಯದಲ್ಲಿ ಆ ಲೆಕ್ಕ ಚೆನ್ನಾಗಿ ಕೂಡುತ್ತದೆ. ಒಂದು ಊರಿನ ಕೆರೆಯಂಥ ಸಣ್ಣ ವಿಷಯದಲ್ಲಿ ಖಾಲಿ ಜಾಗವನ್ನು ನಂಬಿಸುವಂಥ ಸುಳ್ಳಿನಿಂದ ತುಂಬುವ ಸಾಧ್ಯತೆ ಹೆಚ್ಚು, ಅದೂ ತುಂಬು ವಿಶ್ವಾಸದ ದನಿಯಲ್ಲಿ.

ಕನ್ನಡದ ಮಟ್ಟಿಗೆ ಈ ಎಚ್ಚರ ಇನ್ನಷ್ಟು ಬೇಕು. ಅಂತರ್ಜಾಲದಲ್ಲಿ ಇಂಗ್ಲಿಷ್ ಸಮುದ್ರದಷ್ಟಿದ್ದರೆ ಕನ್ನಡ ತೀರ ಕಡಿಮೆ. ಐಐಟಿ ಮದ್ರಾಸಿನ ಎಐ4ಭಾರತ್, ಕೇಂದ್ರದ ಭಾಷಿಣಿ ಯೋಜನೆ ಈ ಕೊರತೆ ತುಂಬುವ ಒಳ್ಳೆಯ ಕೆಲಸ ಮಾಡುತ್ತಿವೆ, ಯಂತ್ರಗಳ ಕನ್ನಡ ಮೊದಲಿಗಿಂತ ಸುಧಾರಿಸಿದೆ. ಆದರೂ ಅವು ಬರೆಯುವ ಕನ್ನಡದಲ್ಲಿ ವ್ಯಾಕರಣ ಸರಿಯಿದ್ದು ಜೀವ ಇಲ್ಲದ ವಾಕ್ಯಗಳು ಹೇರಳ, ಇಂಗ್ಲಿಷಿನ ಎಲುಬಿಗೆ ಕನ್ನಡದ ತೊಗಲು ಹೊದಿಸಿದ ಹಾಗೆ. ‘ಏನ್ ಮಾಡ್ಲಕತ್ತಿ’ ಎನ್ನುವ ಮಗುವಿಗೆ ಆ ಪುಸ್ತಕದ ಭಾಷೆ ಮರಾಠಿಯಷ್ಟೇ ದೂರ ಇರಬಹುದು. ಯಂತ್ರ ಕೊಟ್ಟ ಅನುವಾದವನ್ನು ಕನ್ನಡ ಬಲ್ಲ ಒಬ್ಬರು ಓದಿ ನೋಡದೆ ತರಗತಿಗೆ ಒಯ್ಯಬಾರದು. ಪುಣೆಯ ಮಟ್ಟಿಗೆ ಇದು ಅಸಾಧ್ಯದ ಮಾತೇನಲ್ಲ: ಬಾಲಭಾರತಿ ಮಹಾರಾಷ್ಟ್ರದ ಕನ್ನಡ ಮಾಧ್ಯಮ ಶಾಲೆಗಳಿಗಾಗಿ ಕನ್ನಡದಲ್ಲೇ ಪಠ್ಯಪುಸ್ತಕ ತರುತ್ತದೆ, ಸೋಲಾಪುರ, ಅಕ್ಕಲಕೋಟೆ, ಜತ್ತದ ಕನ್ನಡ ಶಿಕ್ಷಕರ ದೊಡ್ಡ ಅನುಭವ ಇದೇ ರಾಜ್ಯದೊಳಗಿದೆ. ವಿಜ್ಞಾನದ, ಗಣಿತದ ಪಾರಿಭಾಷಿಕ ಪದಗಳಿಗೆ ಯಂತ್ರ ಹೊಸದಾಗಿ ಹುಟ್ಟಿಸಿದ್ದನ್ನು ಬಿಟ್ಟು, ಈಗಾಗಲೇ ಆ ಪುಸ್ತಕಗಳಲ್ಲಿ ಬಳಕೆಯಲ್ಲಿರುವುದನ್ನೇ ಹಿಡಿಯಬೇಕು.

ಮಕ್ಕಳು ಹೇಗಿದ್ದರೂ ಬಳಸಿಯೇ ಬಳಸುತ್ತಾರೆ, ಗೆರೆ ಎಳೆದು ಏನು ಫಲ ಎಂಬ ಆಕ್ಷೇಪ ಬಲವಾದದ್ದು. ಗ್ರಾಮೀಣ ಶಿಕ್ಷಣದ ಸಮೀಕ್ಷೆಯಾದ ಅಸರ್‌ನ 2024ರ ವರದಿಯ ಪ್ರಕಾರ ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 82ಕ್ಕೂ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಿಂದಿನ ವಾರ ಓದಿಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ನಗರದಲ್ಲಿ ಫೋನು ಇನ್ನೂ ಹತ್ತಿರ. ಮನೆಗೆಲಸದ ಪ್ರಬಂಧವನ್ನು ಯಂತ್ರ ಬರೆದುಕೊಡುವುದನ್ನು ಯಾವ ಶಾಲೆಯೂ ತಡೆಯಲಾರದು, ಒಪ್ಪುತ್ತೇನೆ. ಪತ್ತೆ ಹಚ್ಚುವ ಸಾಫ್ಟ್‌ವೇರ್ ಮೊರೆ ಹೋಗುವುದು ಮಾತ್ರ ಇನ್ನೂ ಕೆಟ್ಟ ದಾರಿ. ಓಪನ್‌ಎಐ ಸಂಸ್ಥೆ ತನ್ನದೇ ಪತ್ತೆ ಉಪಕರಣವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಪರೀಕ್ಷಿಸಿದಾಗ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇಂಥ ಉಪಕರಣಗಳು ಯಂತ್ರದ ಬರಹವೆಂದು ತಪ್ಪಾಗಿ ಗುರುತಿಸಿದವು. ಕಷ್ಟಪಟ್ಟು ಇಂಗ್ಲಿಷ್ ಕಲಿತ ನಮ್ಮ ಮಕ್ಕಳ ತಲೆಗೇ ಆ ಕಳಂಕ ಮೊದಲು ಬಂದೀತು. ಬದಲಾಗಬೇಕಾದದ್ದು ಮನೆಗೆಲಸದ ಸ್ವರೂಪ. ಮನೆಯಲ್ಲಿ ಬರೆದು ತರುವ ಪ್ರಬಂಧಕ್ಕೆ ಅಂಕ ಕೊಡುವುದನ್ನು ಬಿಡೋಣ. ತರಗತಿಯಲ್ಲೇ ಕೈಬರಹದಲ್ಲಿ ಬರೆಸೋಣ, ಬರೆದದ್ದರ ಬಗ್ಗೆ ಬಾಯಿಮಾತಿನಲ್ಲಿ ಕೇಳೋಣ. ಎಂಟು, ಒಂಬತ್ತರ ಮಕ್ಕಳ ಮುಂದೆ ಯಂತ್ರ ಬರೆದ ಉತ್ತರವನ್ನೇ ಇಟ್ಟು ಅದರಲ್ಲಿ ತಪ್ಪು ಹುಡುಕಿಸುವುದು ಒಳ್ಳೆಯ ಪಾಠ. ಹುಡುಕಲು ಪುಸ್ತಕ ಓದಲೇಬೇಕಾಗುತ್ತದೆ. ಯುನೆಸ್ಕೊ 2023ರ ಮಾರ್ಗಸೂಚಿಯಲ್ಲಿ ತರಗತಿಯಲ್ಲಿ ಮಕ್ಕಳೇ ಎಐ ಉಪಕರಣಗಳನ್ನು ಬಳಸಲು ಕನಿಷ್ಠ 13 ವರ್ಷವಾಗಿರಲಿ ಎಂದಿದೆ. ಅಕ್ಷರ ಕೂಡಿಸಿ ಓದುವ ವಯಸ್ಸಿನ ಮಕ್ಕಳಿಗೆ ಇದು ಬೇಡವೇ ಬೇಡ.

ನನ್ನ ವಾದವನ್ನು ನಿಜವಾಗಿ ಅಲುಗಾಡಿಸುವ ಆಕ್ಷೇಪ ಇನ್ನೊಂದು. ಟ್ಯೂಷನ್‌ಗೆ ದುಡ್ಡಿಲ್ಲದ, ಮನೆಯಲ್ಲಿ ಕೇಳಲು ಯಾರೂ ಇಲ್ಲದ ಮಗುವಿಗೆ ಬೇಸರವಿಲ್ಲದೆ ನೂರು ಸಲ ಹೇಳಿಕೊಡುವ ಯಂತ್ರ ಸಿಕ್ಕಿರುವಾಗ, ಅದನ್ನು ಶಿಕ್ಷಕರ ಮೇಜಿಗೆ ಸೀಮಿತ ಮಾಡುವುದು ಬಡ ಮಗುವಿಗೆ ಮಾಡುವ ಅನ್ಯಾಯವಲ್ಲವೇ? ದೆಹಲಿಯ ಮೈಂಡ್‌ಸ್ಪಾರ್ಕ್ ಕೇಂದ್ರಗಳ ಅಧ್ಯಯನ ಈ ಆಕ್ಷೇಪಕ್ಕೆ ತೂಕ ಕೊಡುತ್ತದೆ. 2019ರಲ್ಲಿ ಪ್ರಕಟವಾದ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರ ಆ ಅಧ್ಯಯನದಲ್ಲಿ ಆರನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿದ್ದರು. ಪ್ರತಿ ಮಗುವಿನ ಮಟ್ಟಕ್ಕೆ ತಕ್ಕ ಪ್ರಶ್ನೆ ಒಡ್ಡುವ ಕಂಪ್ಯೂಟರ್ ಪಾಠದಿಂದ ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಗಣನೀಯ ಪ್ರಗತಿ ಕಂಡಿತು. ನೈಜೀರಿಯಾದ ಎಡೊ ರಾಜ್ಯದಲ್ಲಿ 2024ರಲ್ಲಿ ವಿಶ್ವಬ್ಯಾಂಕ್ ನೆರವಿನ ಆರು ವಾರಗಳ ಎಐ ತರಗತಿಗಳೂ ಒಳ್ಳೆಯ ಫಲ ಕೊಟ್ಟವು. ಹಾಗಾಗಿ ಮಗುವಿನ ಮುಂದೆ ಪರದೆ ಬರಲೇಬಾರದೆಂದು ನಾನು ಹೇಳಲಾರೆ. ಆದರೆ ಈ ಎರಡು ಕಡೆ ಏನಿತ್ತು ನೋಡಿ. ದೆಹಲಿಯ ಪ್ರತಿ ತೊಂಬತ್ತು ನಿಮಿಷದಲ್ಲಿ ಅರ್ಧ ಹೊತ್ತು ಮಾತ್ರ ಕಂಪ್ಯೂಟರ್, ಉಳಿದರ್ಧ ಸಣ್ಣ ಗುಂಪಿನಲ್ಲಿ ಮನುಷ್ಯರ ಪಾಠ. ಆ ಕಂಪ್ಯೂಟರ್ ಉತ್ತರ ಒಪ್ಪಿಸುತ್ತಿರಲಿಲ್ಲ, ಪ್ರಶ್ನೆ ಆರಿಸುತ್ತಿತ್ತು. ಎಡೊದಲ್ಲಿ ಶಿಕ್ಷಕರು ಕೋಣೆಯಲ್ಲಿದ್ದು ದಾರಿ ತೋರುತ್ತಿದ್ದರು. ಫೋನಿನಲ್ಲಿ ಒಂಟಿಯಾಗಿ ಚಾಟ್‌ಬಾಟ್ ಕೇಳಿಕೊಳ್ಳುವ ಮಗುವಿನ ಸ್ಥಿತಿ ಇವೆರಡಕ್ಕಿಂತ ಟರ್ಕಿಯ ಮೊದಲ ಗುಂಪಿಗೆ ಹತ್ತಿರ. ಬಡ ಮಗುವಿಗೆ ಯಂತ್ರವನ್ನಷ್ಟೇ ಕೊಟ್ಟು, ಹಣವಂತರ ಮಗುವಿಗೆ ಯಂತ್ರದ ಜೊತೆ ಒಳ್ಳೆಯ ಶಿಕ್ಷಕಿಯನ್ನೂ ಕೊಟ್ಟರೆ ಅದನ್ನು ಸಮಾನತೆ ಎನ್ನಲು ಮನಸ್ಸು ಒಪ್ಪುವುದಿಲ್ಲ.

ಶಿಕ್ಷಕರ ಕಡೆಯ ಮಾತೂ ಇದೆ. ಯಂತ್ರ ಬರೆದದ್ದನ್ನೆಲ್ಲ ತಿದ್ದುವುದು ಮತ್ತೊಂದು ಹೊರೆಯಾಗುತ್ತದೆ, ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕದ ಮೇಲೆ ಇದೂ ಒಂದು ಎಂದು ಅವರು ಹೇಳಿದರೆ ಅದು ನ್ಯಾಯವಾದ ದೂರು. ಅದಕ್ಕೇ ಆರಂಭ ಸಣ್ಣದಿರಬೇಕು, ಮತ್ತು ಹೊರೆ ಹಂಚಿಕೆಯಾಗಬೇಕು. ಕರ್ನಾಟಕದ ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತದ್ದು ಶಿಕ್ಷಕರು ಒಟ್ಟಿಗೆ ಕೂತು ಕಲಿಕಾ ಕಾರ್ಡು ತಯಾರಿಸಿದ್ದರಿಂದ. ಒಬ್ಬರ ಕೆಲಸ ನೂರು ಶಾಲೆಗೆ ಒದಗಿತು. ಎಐ ನೆರವಿನಿಂದ ತಯಾರಾದ, ಶಿಕ್ಷಕರೇ ತಿದ್ದಿದ ಅಭ್ಯಾಸ ಹಾಳೆಗಳೂ ಹಾಗೆಯೇ ಶಾಲೆಯಿಂದ ಶಾಲೆಗೆ ಹೋಗಬಹುದು. ಇಷ್ಟರ ಜೊತೆಗೆ ಒಂದು ನಿಯಮ ಮಾತ್ರ ಕಟ್ಟುನಿಟ್ಟಾಗಿ ಇರಲಿ: ಮಕ್ಕಳ ಹೆಸರು, ಅಂಕ, ಜಾತಿ, ಫೋಟೊ, ಮನೆಯ ಕಷ್ಟ ಯಾವುದನ್ನೂ ಸಾರ್ವಜನಿಕ ಚಾಟ್‌ಬಾಟ್‌ಗೆ ಹಾಕಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಕೇಳುತ್ತದೆ. ಹೆಬ್ಬೆಟ್ಟು ಒತ್ತುವ ತಾಯಿಗೆ ತಾನು ಏನಕ್ಕೆ ಒಪ್ಪಿಗೆ ಕೊಡುತ್ತಿದ್ದೇನೆಂದು ಅವಳ ಭಾಷೆಯಲ್ಲಿ ಹೇಳಿದಾಗ ಮಾತ್ರ ಅದು ಒಪ್ಪಿಗೆ.

ಕಾತ್ರಜದಲ್ಲಿ ಇದನ್ನೆಲ್ಲ ಮಾಡಿ ನೋಡಲು ಬೇಕಾದವರು ಇದೇ ನಗರದೊಳಗೆ ಇದ್ದಾರೆ. ಎಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷದ ವಿದ್ಯಾರ್ಥಿಗಳು ಪ್ರತಿವರ್ಷ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಾರೆ. ಕನ್ನಡ–ಮರಾಠಿ ದ್ವಿಭಾಷಾ ಅಭ್ಯಾಸ ಹಾಳೆ ತಯಾರಿಸುವ, ಇಂಟರ್ನೆಟ್ ಇಲ್ಲದಾಗಲೂ ನಡೆಯುವ, ಮಗುವಿನ ಯಾವ ಮಾಹಿತಿಯನ್ನೂ ಇಟ್ಟುಕೊಳ್ಳದ ಸಣ್ಣ ಉಪಕರಣ ಅವರ ಕೈಗೆಟುಕುವ ಕೆಲಸ. ಪುಣೆಯ ಕನ್ನಡ ಸಂಘ ನೂರು ವರ್ಷ ದಾಟಿದ ಸಂಸ್ಥೆ, ಕಾವೇರಿ ಹೆಸರಿನ ಶಾಲೆ ಕಾಲೇಜುಗಳನ್ನು ನಡೆಸುತ್ತಿದೆ. ಯಂತ್ರದ ಕನ್ನಡವನ್ನು ಓದಿ ತಿದ್ದಲು ಬೇಕಾದ ನಿವೃತ್ತ ಶಿಕ್ಷಕರು, ಕನ್ನಡ ಓದುಬರಹ ಬಲ್ಲ ಗೃಹಿಣಿಯರು ಈ ನಗರದ ಕನ್ನಡಿಗರಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಮೊದಲ ವರ್ಷ ಒಂದೇ ತರಗತಿ, ಒಂದೇ ವಿಷಯ ಸಾಕು: ಎರಡನೇ ತರಗತಿಯ ಸಂಖ್ಯೆಗಳು. ವರ್ಷದ ಕೊನೆಗೆ ಯಂತ್ರವನ್ನೂ ಹಾಳೆಯನ್ನೂ ಪಕ್ಕಕ್ಕಿಟ್ಟು, ಪಂಚವೀಸ್ ಎಂದಾಗ ಎಷ್ಟು ಮಕ್ಕಳು 25 ಬರೆಯುತ್ತಾರೆ ಎಂದು ನೋಡಬೇಕು. ಆ ಸಂಖ್ಯೆ ಏರದಿದ್ದರೆ ಮರುವರ್ಷ ಅದನ್ನು ಮುಂದುವರಿಸದಿರುವ ಹಕ್ಕು ಶಿಕ್ಷಕರಿಗೆ ಇರಬೇಕು, ಮತ್ತು ಆ ಹಕ್ಕು ಯೋಜನೆಯ ಮೊದಲ ಪುಟದಲ್ಲೇ ಬರೆದಿರಬೇಕು.